ಶ್ವಾಸಕೋಶದ ಕಲೆಯೊಂದಿಗೆ ಬದುಕು
(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕ, ವೈದ್ಯನಲ್ಲ. ಆದರೂ ಇಂದು ಒಂದು ಕಾಯಿಲೆಯ ಬಗ್ಗೆ ಮಾತನಾಡಲು ಒಪ್ಪಿಕೊಂಡೆ. ಕಾರಣ, ನಮ್ಮ ಅಬ್ಬಾ ಮೂರು ವರ್ಷದಿಂದ ಅದರೊಂದಿಗೆ ಬದುಕುತ್ತಿದ್ದಾರೆ.

ಗಾಯ ಮಾಯ್ದ ಜಾಗದಲ್ಲಿ ಗಟ್ಟಿಯಾದ ಕಲೆ ಉಳಿಯುವುದನ್ನು ನಿಮ್ಮ ಮೊಣಕಾಲಿನ ಮೇಲೆ ನೋಡಿದ್ದೀರಿ. ಅಂಥ ಕಲೆ ಶ್ವಾಸಕೋಶದ ಗಾಳಿಚೀಲಗಳ ತೆಳು ಗೋಡೆಯಲ್ಲಿ ಬೆಳೆದರೆ ಅದು ಪಲ್ಮನರಿ ಫೈಬ್ರೋಸಿಸ್. ಗೋಡೆ ದಪ್ಪವಾದಂತೆ ಆಮ್ಲಜನಕ ರಕ್ತಕ್ಕೆ ದಾಟುವುದು ಕಷ್ಟವಾಗುತ್ತದೆ. ಮೊದಮೊದಲು ಕೂತಿದ್ದಾಗ ಏನೂ ತಿಳಿಯುವುದಿಲ್ಲ, ಮೆಟ್ಟಿಲು ಹತ್ತಿದರೆ ಏದುಸಿರು, ಜೊತೆಗೆ ಒಣ ಕೆಮ್ಮು. ವೈದ್ಯರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟಾಗ ಶಾಲಾ ಚೀಲದ ವೆಲ್ಕ್ರೋ ಪಟ್ಟಿ ಬಿಚ್ಚಿದಂಥ ಸದ್ದು ಕೇಳುತ್ತದೆ.

ನಮ್ಮಲ್ಲಿ ಬಹುದಿನದ ಕೆಮ್ಮು ಎಂದರೆ ಟಿ.ಬಿ. ಎಂದೇ ಲೆಕ್ಕ. ಅಬ್ಬಾ ಅವರಿಗೂ ಕಫದಲ್ಲಿ ರೋಗಾಣು ಸಿಗದಿದ್ದರೂ ಒಂದು ಕಡೆ ಟಿ.ಬಿ. ಮಾತ್ರೆ ಕೊಟ್ಟರು, ಇನ್ನೊಂದು ಕಡೆ ಆಸ್ತಮಾ ಎಂದರು. ಎಚ್.ಆರ್.ಸಿ.ಟಿ. ಸ್ಕ್ಯಾನ್ ಆಗುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು.

ಸ್ಕ್ಯಾನ್ ನೋಡಿದ ವೈದ್ಯರು ಮೊದಲು ಕೇಳಿದ್ದು, "ಮನೆಯಲ್ಲಿ ಪಾರಿವಾಳ ಇವೆಯಾ?" ಎಂದು. ಇದ್ದವು, ಮಾಳಿಗೆಯ ಮೇಲೆ ಮೂವತ್ತು ವರ್ಷದಿಂದ. ಪಾರಿವಾಳದ ಹಿಕ್ಕೆ ಮತ್ತು ಗರಿಯ ಧೂಳು ಕೆಲವರ ದೇಹಕ್ಕೆ ಒಗ್ಗದೆ ಶ್ವಾಸಕೋಶದಲ್ಲಿ ಉರಿಯೂತ ಉಂಟಾಗಿ, ಕ್ರಮೇಣ ಕಲೆಯಾಗುತ್ತದೆ. ಇದರ ಹೆಸರು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಇಂಥ ಶ್ವಾಸಕೋಶ ಕಾಯಿಲೆಗಳ ಬಗ್ಗೆ 2017ರಲ್ಲಿ ಪ್ರಕಟವಾದ ಭಾರತದ ಅಧ್ಯಯನವೊಂದರಲ್ಲಿ 1,084 ರೋಗಿಗಳ ಪೈಕಿ ಶೇ. 47ರಷ್ಟು ಮಂದಿಗೆ ಇದ್ದದ್ದು ಇದೇ. ಏರ್ ಕೂಲರಿನ ಬೂಷ್ಟಿನಿಂದಲೂ ಇದು ಬರಬಹುದು. ಕಲ್ಲು ಒಡೆಯುವವರಿಗೆ ಸಿಲಿಕಾ ಧೂಳು ಬೇರೆ ರೀತಿಯ ಕಲೆ ಮಾಡುತ್ತದೆ. ಕಾರಣವೇ ತಿಳಿಯದ ಬಗೆಯನ್ನು ಐ.ಪಿ.ಎಫ್. ಎನ್ನುತ್ತಾರೆ.

ಕಾಯಿಲೆಯ ಹೆಸರು ಕೇಳಿದ ದಿನ ಅಬ್ಬಾ ಎಂದಿನಂತೆ ಊಟ ಮಾಡಿದರು. ಪಾರಿವಾಳಗಳನ್ನು ಕೊಟ್ಟ ದಿನ ಮಾಡಲಿಲ್ಲ.

ಆದ ಕಲೆ ಮತ್ತೆ ಹೋಗುವುದಿಲ್ಲ. ಅದು ಹೆಚ್ಚುವುದನ್ನು ನಿಧಾನ ಮಾಡುವ ಔಷಧಿಗಳಿವೆ. ನಿಂಟೆಡಾನಿಬ್‌ಗೆ ಅಮೆರಿಕದಲ್ಲಿ 2014ರಲ್ಲಿ ಐ.ಪಿ.ಎಫ್.ಗೆ, 2020ರಲ್ಲಿ ಹೆಚ್ಚುತ್ತಾ ಹೋಗುವ ಇತರ ಬಗೆಗಳಿಗೂ ಅನುಮತಿ ಸಿಕ್ಕಿತು. ಅಬ್ಬಾ ತೆಗೆದುಕೊಳ್ಳುವುದು ಇದನ್ನೇ. ಹೊಟ್ಟೆ ಕೆಡುತ್ತದೆ, ಆದ್ದರಿಂದ ಊಟದ ಜೊತೆಗೇ ನುಂಗಬೇಕು. ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಆಗಿವೆ. ಬೆರಳಿಗೆ ಆಕ್ಸಿಮೀಟರ್ ಹಾಕಿಕೊಂಡು ನಡೆಯುತ್ತಾರೆ. ನಮಾಜು ಕುರ್ಚಿಯ ಮೇಲೆ. ಗುರುವಾರ ಸಂಜೆಯ ಲೋಬಾನಿನ ಹೊಗೆ ನಿಲ್ಲಿಸಿದ್ದೇವೆ. ಅಮ್ಮಿಗೆ ಇದು ಬಹಳ ಕಷ್ಟವಾಯಿತು. ಆಕ್ಸಿಜನ್ ಯಂತ್ರ ಒಲೆಯಿಂದ ದೂರ, ನಡುಮನೆಯಲ್ಲಿದೆ.

ಈ ಯಂತ್ರದ ಬಗ್ಗೆ ಒಂದು ಮಾತು ಹೇಳಲೇಬೇಕು. ಇದು ಅಂಟುರೋಗವಲ್ಲ. ಆದರೂ ನೆಂಟರ ಮನೆಯೊಂದರಲ್ಲಿ ಅಬ್ಬಾ ಅವರಿಗೆ ಬೇರೆ ಲೋಟ ಇಟ್ಟರು. ತಂಗಿಯನ್ನು ನೋಡಲು ಗಂಡಿನ ಕಡೆಯವರು ಬರುವ ದಿನ, "ಯಂತ್ರ ಒಳಕೋಣೆಗೆ ಇಡಿ, ಭಾಯಿಜಾನೂ ಅಲ್ಲೇ ಇರಲಿ" ಎಂದು ಹಿರಿಯರೊಬ್ಬರು ಸಲಹೆ ಕೊಟ್ಟರು. ಅಬ್ಬಾ ಮೂಗಿನ ನಳಿಕೆ ಸರಿಮಾಡಿಕೊಂಡು, "ಮಶೀನು ಇಲ್ಲೇ ಇರಲಿ, ಹುಡುಗಿಯ ತಂದೆ ನಾನು" ಎಂದರು. ಬಂದವರಿಗೆ ಎಲ್ಲವನ್ನೂ ತಾವೇ ವಿವರಿಸಿದರು, ನಡುನಡುವೆ ನಿಂತು, ಉಸಿರು ತೆಗೆದುಕೊಂಡು. ಆ ಸಂಬಂಧ ಕೂಡಲಿಲ್ಲ. ತಂಗಿಗೆ ಅದರ ಬೇಸರವಿಲ್ಲ.

ವಿದ್ಯಾರ್ಥಿಗಳೆ, ಮೆಟ್ಟಿಲಿನ ಮಧ್ಯೆ ನಿಂತ ಹಿರಿಯರನ್ನು "ಏನಾಯಿತು?" ಎಂದು ತಿರುತಿರುಗಿ ಕೇಳಬೇಡಿ. ಉತ್ತರಿಸುವುದಕ್ಕೂ ಉಸಿರು ಬೇಕು. ನೀವೂ ಪಕ್ಕದಲ್ಲಿ ನಿಲ್ಲಿ, ಅವರು ಹೊರಟಾಗ ಹೊರಡಿ.

ಮನೆಯಲ್ಲಿ ಯಾರಿಗಾದರೂ ತಿಂಗಳುಗಟ್ಟಲೆ ಒಣ ಕೆಮ್ಮು, ನಡೆದಾಗ ಏದುಸಿರು ಇದ್ದರೆ ಶ್ವಾಸಕೋಶ ತಜ್ಞರಿಗೆ ತೋರಿಸಿ. ಹಳೆಯ ಎಕ್ಸ್‌ರೇಗಳನ್ನು ಎಸೆಯದೆ ಒಯ್ಯಿರಿ. ಪಾರಿವಾಳ, ಕೂಲರ್, ಮಾಡಿದ ಕೆಲಸ ಎಲ್ಲವನ್ನೂ ಅವರು ಕೇಳದಿದ್ದರೂ ಹೇಳಿ. ಹೆಚ್ಚಿಗೆ ಕೇಳುವವರಿದ್ದರೆ ಸಭೆ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ.