ಕಾಡಿನ ದಾರಿಗೆ ಯಾವ ತಂತ್ರಾಂಶ?



ಮಲೆನಾಡಿನಲ್ಲಿ ದಾರಿ ಹೇಳುವವರು ಎಡ, ಬಲ ಎನ್ನುವುದಕ್ಕಿಂತ ಹೆಚ್ಚಾಗಿ ಹಳ್ಳ, ಸಂಕ, ದರೆ, ಏರು, ಇಳುಕಲು ಎನ್ನುತ್ತಾರೆ. ಬಯಲುಸೀಮೆಯ ದಾರಿಗೂ ಗುಡ್ಡದ ದಾರಿಗೂ ಇರುವ ವ್ಯತ್ಯಾಸವೆಲ್ಲ ಈ ಮಾತಿನಲ್ಲಿದೆ. ಅಂಗೈ ಗಣಕಕ್ಕೆ ದಾರಿ ತೋರುವ ತಂತ್ರಾಂಶವನ್ನು ಆಯ್ದುಕೊಳ್ಳುವಾಗಲೂ ಇದೇ ವ್ಯತ್ಯಾಸ ಮುಖ್ಯವಾಗುತ್ತದೆ. ಜಿಯೋಕ್ಯಾಶಿಂಗ್ ಎಂಬ ಆಟದ ಇತಿಹಾಸ ಇದಕ್ಕೆ ಒಳ್ಳೆಯ ನಿದರ್ಶನ.

ಅಮೆರಿಕದ ಜಿ.ಪಿ.ಎಸ್. ಉಪಗ್ರಹಗಳು ಸಾರ್ವಜನಿಕರಿಗೆ ನೀಡುತ್ತಿದ್ದ ಸಂಕೇತದಲ್ಲಿ ಉದ್ದೇಶಪೂರ್ವಕವಾಗಿಯೇ ದೋಷವನ್ನು ಬೆರೆಸಲಾಗುತ್ತಿತ್ತು. ಆದ್ದರಿಂದ ಸ್ಥಾನನಿರ್ದೇಶ ಸುಮಾರು ನೂರು ಮೀಟರಿನಷ್ಟು ತಪ್ಪುತ್ತಿತ್ತು. 2000ದ ಮೇ 2ರಂದು ಆ ದೋಷವನ್ನು ತೆಗೆದುಹಾಕಲಾಯಿತು. ಮರುದಿನವೇ ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿಯ ಕಾಡಿನಲ್ಲಿ ಡೇವ್ ಉಲ್ಮರ್ ಎಂಬುವರು ಒಂದು ಬಕೆಟ್ಟಿನಲ್ಲಿ ಕೆಲವು ಸಾಮಾನುಗಳನ್ನೂ ದಾಖಲೆಯ ಪುಸ್ತಕವನ್ನೂ ಇಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸಿದರು. ಹುಡುಕಿದವರು ಒಂದನ್ನು ತೆಗೆದುಕೊಂಡು ಇನ್ನೊಂದನ್ನು ಇಡಬೇಕು, ಪುಸ್ತಕದಲ್ಲಿ ಹೆಸರು ಬರೆಯಬೇಕು ಎಂಬುದೇ ನಿಯಮ. ಕೆಲವೇ ದಿನಗಳಲ್ಲಿ ಅದು ಪತ್ತೆಯಾಯಿತು. ಆಟ ಲೋಕಕ್ಕೆಲ್ಲ ಹಬ್ಬಿತು.

ಆರಂಭದ ಆಟಗಾರರಲ್ಲಿ ಕೆಲವರು ಪಾಮ್ ಮತ್ತು ಪಾಕೆಟ್ ಪಿ.ಸಿ. ಎಂಬ ಅಂಗೈ ಗಣಕಗಳಿಗೆ ಜಿ.ಪಿ.ಎಸ್. ಗ್ರಾಹಕವನ್ನು ಜೋಡಿಸಿಕೊಂಡು ಹೊರಟರು. ಅವರ ಮುಂದೆ ಮೂರು ಬಗೆಯ ತಂತ್ರಾಂಶಗಳಿದ್ದವು. ಟಾಮ್‌ಟಾಮ್ ನ್ಯಾವಿಗೇಟರ್‌ನಂಥವು ವಾಹನಕ್ಕೆ ರಸ್ತೆ ತೋರುತ್ತಿದ್ದವು. ಓಜಿಎಕ್ಸ್‌ಪ್ಲೋರರ್‌ನ ಅಂಗೈ ಆವೃತ್ತಿಯು ಕಾಗದದ ನಕ್ಷೆಯ ಚಿತ್ರವನ್ನೇ ತೆರೆದು, ಅದರ ಮೇಲೆ ನಡೆಯುವವನ ಸ್ಥಾನವನ್ನು ಗುರುತಿಸುತ್ತಿತ್ತು. ಪಾಮ್‌ನ ಕ್ಯಾಶ್‌ಮೇಟ್, ಪಾಕೆಟ್ ಪಿ.ಸಿ.ಯ ಜಿ.ಪಿ.ಎಕ್ಸ್. ಸೋನಾರ್ ಇವು ಅಡಗುತಾಣಗಳ ವಿವರ ಹಾಗೂ ಸುಳಿವುಗಳ ಕಡತಗಳಾಗಿದ್ದವು. ರಸ್ತೆಯ ತಂತ್ರಾಂಶವೊಂದನ್ನೇ ನಂಬಿದವರು ಡಾಂಬರು ಮುಗಿದಲ್ಲಿ ನಿಲ್ಲಬೇಕಾಯಿತು. ಏಕೆಂದರೆ ಅದರ ಪಾಲಿಗೆ ರಸ್ತೆ ಇಲ್ಲದ ಕಡೆ ಭೂಮಿಯೇ ಇಲ್ಲ. ಹೀಗಾಗಿ ಅನುಭವಿಗಳು ಊರಿನವರೆಗೆ ಒಂದನ್ನು, ಕಾಡಿಗೆ ಇನ್ನೊಂದನ್ನು, ಟಿಪ್ಪಣಿಗೆ ಮತ್ತೊಂದನ್ನು ಬಳಸತೊಡಗಿದರು.

ಆ ಸಾಧನಗಳು ಮರೆಯಾಗಿವೆ. ಅವುಗಳ ಕೆಲಸವನ್ನು ಇಂದು ಮೊಬೈಲ್ ಫೋನು ಮಾಡುತ್ತದೆ. ಆದರೆ ಆಯ್ಕೆಯ ಪ್ರಶ್ನೆಗಳು ಹಳೆಯವೇ.

ಮೊದಲನೆಯದು, ನಕ್ಷೆ ಎಲ್ಲಿದೆ ಎಂಬುದು. ಉಪಗ್ರಹದ ಸಂಕೇತ ಕಣಿವೆಯಲ್ಲಿಯೂ ಸಿಗಬಹುದು, ಮೊಬೈಲ್ ಸಂಪರ್ಕ ಸಿಗಲಾರದು. ನಕ್ಷೆಯನ್ನು ಜಾಲದಿಂದ ಆಗಿಂದಾಗ್ಗೆ ತರಿಸುವ ತಂತ್ರಾಂಶವು ಅಂಥಲ್ಲಿ ಖಾಲಿ ಪರದೆಯ ಮೇಲೆ ಒಂದು ಚುಕ್ಕೆಯನ್ನಷ್ಟೇ ತೋರುತ್ತದೆ. ಮನೆಯಲ್ಲಿಯೇ ಇಳಿಸಿಕೊಂಡ ನಕ್ಷೆಯಿಂದ ನಡೆಯುವ ತಂತ್ರಾಂಶವೇ ಗುಡ್ಡಕ್ಕೆ ತಕ್ಕುದು. 2004ರಲ್ಲಿ ಆರಂಭವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನ ಮುಕ್ತ ನಕ್ಷೆಯನ್ನು ಬಳಸುವ ಆಸ್ಮ್‌ಆಂಡ್ ಈ ಬಗೆಯದು. ಜಿಯೋಕ್ಯಾಶಿಂಗ್‌ಗೆಂದೇ ರೂಪುಗೊಂಡ ಸಿ:ಜಿಯೋ ಎಂಬ ಮುಕ್ತ ತಂತ್ರಾಂಶವೂ ಅಡಗುತಾಣದ ವಿವರಗಳನ್ನು ಮೊದಲೇ ಉಳಿಸಿಕೊಳ್ಳಲು ಬಿಡುತ್ತದೆ.

ಎರಡನೆಯದು, ಏರಿಳಿತ ಕಾಣುತ್ತದೆಯೇ ಎಂಬುದು. ಗುರಿಯು ನೇರ ಗೆರೆಯಲ್ಲಿ ಇನ್ನೂರು ಮೀಟರ್ ಎಂದು ಬಾಣ ಸೂಚಿಸಬಹುದು. ನಡುವೆ ಕಡಿದಾದ ಕಮರಿ ಇರಬಹುದು. ಸಮಾನ ಎತ್ತರದ ಜಾಗಗಳನ್ನು ಕೂಡಿಸುವ ಗೆರೆಗಳುಳ್ಳ ನಕ್ಷೆಯಾದರೆ ಆ ಕಮರಿ ಕಣ್ಣಿಗೆ ಬೀಳುತ್ತದೆ. ಬಾಣವನ್ನಷ್ಟೇ ನೋಡಿ ನಡೆಯುವುದು ಅಪಾಯಕರ.

ಮೂರನೆಯದು, ಅಂಕಿಗಳ ಭಾಷೆ. ಈ ಆಟದಲ್ಲಿ ಸ್ಥಾನವನ್ನು ಡಿಗ್ರಿ ಮತ್ತು ದಶಮಾಂಶ ಮಿನಿಟುಗಳಲ್ಲಿ ಬರೆಯುವುದು ರೂಢಿ. 25.500 ಮಿನಿಟು ಎಂಬುದನ್ನು 25 ಮಿನಿಟು 50 ಸೆಕೆಂಡು ಎಂದು ಓದಿದರೆ ಅಕ್ಷಾಂಶದಲ್ಲಿ ಆರುನೂರು ಮೀಟರಿಗೂ ಹೆಚ್ಚು ತಪ್ಪುತ್ತದೆ. ಸರಿಯಾದದ್ದು 25 ಮಿನಿಟು 30 ಸೆಕೆಂಡು. ನಕ್ಷೆಯ ಅಳತೆಯ ಆಧಾರವೂ ಹೊಂದಬೇಕು. ಜಿ.ಪಿ.ಎಸ್. ಬಳಸುವುದು ಡಬ್ಲ್ಯು.ಜಿ.ಎಸ್. 84 ಎಂಬ ಆಧಾರವನ್ನು. ಭಾರತೀಯ ಸರ್ವೇಕ್ಷಣಾ ಇಲಾಖೆಯ ಹಳೆಯ ಟೋಪೋ ಶೀಟುಗಳು ಎವರೆಸ್ಟ್ ಆಧಾರದವು. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರದ ಮುಕ್ತ ಸರಣಿಯ ನಕ್ಷೆಗಳು ಡಬ್ಲ್ಯು.ಜಿ.ಎಸ್. 84ರವು. ತಂತ್ರಾಂಶಕ್ಕೆ ಇದನ್ನು ಸರಿಯಾಗಿ ತಿಳಿಸದಿದ್ದರೆ ಹಳೆಯ ನಕ್ಷೆಯ ಮೇಲೆ ಚುಕ್ಕೆಯು ನೂರಾರು ಅಡಿ ಸರಿದು, ಹಳ್ಳದ ಈ ದಂಡೆಯಲ್ಲಿರುವವನನ್ನು ಆ ದಂಡೆಯಲ್ಲಿ ತೋರಿಸೀತು.

ನಾಲ್ಕನೆಯದು, ದಾಖಲೆ ಯಾರ ಕೈಯಲ್ಲಿರುತ್ತದೆ ಎಂಬುದು. ಆರಂಭದ ಅಂಗೈ ಗಣಕಗಳಲ್ಲಿ ಬ್ಯಾಟರಿ ಪೂರ್ತಿ ಬರಿದಾದರೆ ನೆನಪಿನಲ್ಲಿದ್ದುದೆಲ್ಲ ಅಳಿಸಿಹೋಗುತ್ತಿತ್ತು. ಮುಂದೆ ಪಾಮ್ ಕಂಪನಿಯೇ 2010ರಲ್ಲಿ ಮಾರಾಟವಾಗಿ, ಮರುವರ್ಷ ಅದರ ಸಾಧನಗಳ ತಯಾರಿಕೆಯೇ ನಿಂತಿತು. ಆದರೆ ಜಿ.ಪಿ.ಎಕ್ಸ್. ಎಂಬ ಮುಕ್ತ ಮಾದರಿಯಲ್ಲಿ ನಡೆದ ಜಾಡನ್ನೂ ಗುರುತಿಸಿದ ಜಾಗವನ್ನೂ ಹೊರತೆಗೆದು ಇಟ್ಟುಕೊಂಡವರ ಕಡತಗಳು ಇಂದಿನ ಫೋನಿನಲ್ಲಿಯೂ ತೆರೆಯುತ್ತವೆ. ಈ ಮಾತು ಆಟಗಾರರಿಗಿಂತ ಹಳ್ಳಿಗರಿಗೆ ಹೆಚ್ಚು ಅನ್ವಯಿಸುತ್ತದೆ. ಬೇಸಗೆಯಲ್ಲೂ ಬತ್ತದ ನೀರಿನ ಸೆಲೆ, ದೇವರಕಾಡಿನ ಎಲ್ಲೆ, ಗುಡ್ಡ ಜರಿದ ಜಾಗ ಇವುಗಳನ್ನು ವಿದ್ಯಾರ್ಥಿಗಳು ಇದೇ ತಂತ್ರಾಂಶದಿಂದ ಗುರುತಿಸಬಲ್ಲರು. ಆ ದಾಖಲೆಯು ಹತ್ತು ವರ್ಷದ ನಂತರವೂ ಓದಲು ಬರಬೇಕು. ಊರಿನ ಕೈಯಲ್ಲಿಯೇ ಉಳಿಯಬೇಕು.

ಇಷ್ಟು ನೋಡಿ ಆಯ್ದ ತಂತ್ರಾಂಶಕ್ಕೂ ಒಂದು ಮಿತಿಯಿದೆ. ದಟ್ಟ ಮರಗಳ ಕೆಳಗೆ, ಕಡಿದಾದ ಬಂಡೆಗಳ ಬದಿಯಲ್ಲಿ ಸಂಕೇತವು ತಡೆಯಲ್ಪಟ್ಟೋ ಪ್ರತಿಫಲಿಸಿಯೋ ಬರುವುದರಿಂದ ಸ್ಥಾನ ಅತ್ತಿತ್ತ ಜಿಗಿಯುತ್ತದೆ. ದಿಕ್ಸೂಚಿಯಿಲ್ಲದ ಸಾಧನಕ್ಕೆ, ಹೊತ್ತವನು ನಿಂತರೆ ದಿಕ್ಕೇ ತಿಳಿಯದು. ಕೊನೆಯ ಹತ್ತು ಮೀಟರ್ ಕಣ್ಣಿನ ಕೆಲಸ, ವಿವೇಕದ ಕೆಲಸ. ಪರದೆಯನ್ನು ನಂಬಿ ಸುತ್ತ ತಡಕಾಡುವವರ ಕಾಲಿಗೆ ಸಿಕ್ಕುವುದು ಸಸಿಗಳು, ಪಾಚಿ, ಹಕ್ಕಿಯ ಗೂಡು. ಈ ಹಾನಿಯ ಅರಿವು ಆಟಗಾರರಲ್ಲಿಯೂ ಮೂಡಿದೆ. ಹುಡುಕುತ್ತ ಕಸವನ್ನೂ ಹೆಕ್ಕಿ ತರುವ ಅಭಿಯಾನ 2002ರಲ್ಲಿ ಆರಂಭವಾಯಿತು. 2004ರಲ್ಲಿ ಅಮೆರಿಕದ ಭೂವಿಜ್ಞಾನ ಸಂಘವು ಅರ್ತ್‌ಕ್ಯಾಶ್ ಎಂಬ ಬಗೆಯನ್ನು ರೂಪಿಸಿತು. ಅದರಲ್ಲಿ ಡಬ್ಬಿಯಿಲ್ಲ, ಒಂದು ಬಂಡೆಯ ಅಥವಾ ಭೂರೂಪದ ಮುಂದೆ ನಿಂತು ಅದನ್ನು ಅರಿಯುವುದೇ ಗಳಿಕೆ.

ಸೆಲೆಯನ್ನೂ ಎಲ್ಲೆಯನ್ನೂ ಗುರುತಿಸುವವರಿಗೂ ಇದರಲ್ಲಿ ಪಾಠವಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯದೊಳಗೆ ಹೋಗಲು ಹೊರಗಿನವರಿಗೆ ಅನುಮತಿ ಬೇಕು. ಅಂಗೈ ಗಣಕದ ಬಾಣ ಆ ಗಡಿಯನ್ನು ಲೆಕ್ಕಿಸದು. ಅಪರೂಪದ ಗಿಡವಿರುವ ಜಾಗದ ಅಂಕಿಗಳನ್ನು ಲೋಕಕ್ಕೆ ಸಾರಿದರೆ, ನೋಡುವವರಿಗಿಂತ ಮೊದಲು ಕೀಳುವವರು ಬಂದಾರು. ದಾಖಲೆಯನ್ನು ಹೊರತೆಗೆಯಬಲ್ಲ ತಂತ್ರಾಂಶ ಬೇಕು. ಯಾವುದನ್ನು ಹೊರಗೆ ಹೇಳಬಾರದೆಂಬ ತಿಳಿವಳಿಕೆಯೂ ಬೇಕು. ಮೊದಲನೆಯದು ಫೋನಿನಲ್ಲಿ ಸಿಗುತ್ತದೆ, ಎರಡನೆಯದನ್ನು ಊರಿನ ಹಿರಿಯರಿಂದಲೇ ಕಲಿಯಬೇಕು.