ಸವೆದ ರಾಟೆ

ನೂಲುವ ಚರಕವನ್ನು ನಾವು ರಾಟೆ ಎನ್ನುತ್ತೇವೆ. ಬಾವಿಯ ಮೇಲೆ ಕಿರುಗುಟ್ಟುವ ಗಡಗಡೆಯನ್ನೂ ರಾಟೆ ಎನ್ನುತ್ತೇವೆ. ಎಂಜಿನ್ನಿನ ಬೆಲ್ಟನ್ನು ಹೊತ್ತು ತಿರುಗುವ ಬೀಡುಕಬ್ಬಿಣದ ಗಾಲಿಗೆ ಮಾತ್ರ ನಮ್ಮ ಗ್ಯಾರೇಜುಗಳಲ್ಲಿ ಪುಲ್ಲಿ ಎಂದು ಹೆಸರು. ಮೂರರ ಕೆಲಸವೂ ಒಂದೇ ಬಗೆಯದು. ಒಂದು ಕಡೆಯ ಚಲನೆಯನ್ನು ದಾರದಿಂದಲೋ ಹಗ್ಗದಿಂದಲೋ ಪಟ್ಟಿಯಿಂದಲೋ ಇನ್ನೊಂದು ಕಡೆಗೆ ಮುಟ್ಟಿಸುವುದು. ಆದುದರಿಂದ ಅದನ್ನೂ ರಾಟೆಯೆಂದು ಕರೆಯುವ ಸಲಿಗೆಯನ್ನು ಭಾಷೆಯ ಮೇಷ್ಟರಾಗಿದ್ದವನಿಗೆ ನೀವು ಕೊಡುವಿರೆಂದು ನಂಬಿದ್ದೇನೆ. ಈ ಹೊತ್ತು ನಾನು ಹೇಳಹೊರಟಿರುವುದು ಅಂಥದೊಂದು ರಾಟೆಯ ಸಂಗತಿ.

ನಾನು ಎಂ.ಎ. ಮುಗಿಸಿ ಅಧ್ಯಾಪಕನಾಗಿ ಸೇರಿದ ವರ್ಷ, 1984ರಲ್ಲಿ, ನಮ್ಮ ತಂದೆಯವರು ಎತ್ತಿನ ಜೋಡಿಯನ್ನು ಮಾರಿ ಒಂದು ಪವರ್ ಟಿಲ್ಲರನ್ನು ಕೊಂಡರು. ಎರಡು ಗಾಲಿ, ಒಂದೇ ಸಿಲಿಂಡರಿನ ಡೀಸೆಲ್ ಎಂಜಿನ್ನು, ಹಿಂದೆ ಉದ್ದನೆಯ ಎರಡು ಹಿಡಿಗಳು. ಉಳುವವನು ಅವನ್ನು ಹಿಡಿದು ಕೆಸರಿನಲ್ಲಿ ನಡೆಯಬೇಕು. ಜಪಾನಿನ ಸಣ್ಣ ಗದ್ದೆಗಳಿಗೆ ಒಗ್ಗಿದ ಈ ಯಂತ್ರ 1960ರ ದಶಕದಲ್ಲಿ ನಮ್ಮ ದೇಶಕ್ಕೆ ಬಂದಿತು. ದೊಡ್ಡ ಟ್ರ್ಯಾಕ್ಟರು ತಿರುಗಲಾರದ ಮಲೆನಾಡಿನ ಮೆಟ್ಟಿಲು ಗದ್ದೆಗಳಿಗೆ ಅದು ಹೇಳಿ ಮಾಡಿಸಿದಂತಿತ್ತು. ತಂದೆಯವರು ತೀರಿಕೊಂಡ ಮೇಲೆ ಜಮೀನೂ ಟಿಲ್ಲರೂ ನನ್ನ ತಮ್ಮನ ಪಾಲಿಗೆ ಬಂದವು. ನಿವೃತ್ತನಾದ ಬಳಿಕ ನಾನೂ ಊರಿಗೆ ಹಿಂದಿರುಗಿದೆ.

ಕಳೆದ ಮಳೆಗಾಲದಲ್ಲಿ ಅದು ಹಟ ಹಿಡಿಯಿತು. ಎಂಜಿನ್ನು ಅಬ್ಬರಿಸುತ್ತಿತ್ತು, ಗಾಲಿ ಕದಲುತ್ತಿರಲಿಲ್ಲ. ಸುಟ್ಟ ರಬ್ಬರಿನ ವಾಸನೆ ಗದ್ದೆಯ ತುಂಬ ಹರಡುತ್ತಿತ್ತು. ಎಂಜಿನ್ನಿನಿಂದ ಕ್ಲಚ್ಚಿಗೆ ಶಕ್ತಿಯನ್ನು ಒಯ್ಯುವ ಬೆಲ್ಟುಗಳು ಜಾರುತ್ತಿದ್ದವು. ತಮ್ಮ ಒಂದೇ ತಿಂಗಳಲ್ಲಿ ಎರಡು ಸಲ ಹೊಸ ಬೆಲ್ಟುಗಳನ್ನು ತಂದು ಹಾಕಿದ. ನಾಲ್ಕು ದಿನ ಓಡಿ ಅವೂ ಜಾರಿದವು. "ಈಗಿನ ಬೆಲ್ಟುಗಳೇ ಸರಿಯಿಲ್ಲ, ಅಣ್ಣಯ್ಯ" ಎಂದ ಅವನು. ನಾನೂ ಹೌದೆಂದು ತಲೆಯಾಡಿಸಿದೆ. ಸಸಿಮಡಿಯಲ್ಲಿ ಸಸಿ ಬಲಿಯುತ್ತಿತ್ತು. ನಾಟಿಯ ಹದ ಮೀರಿದರೆ ತೆಂಡೆ ಒಡೆಯುವುದು ಕಡಿಮೆ, ವರ್ಷದ ಅನ್ನಕ್ಕೇ ಕುತ್ತು. ಟಿಲ್ಲರನ್ನು ಗುಜರಿಗೆ ಹಾಕಿಬಿಡೋಣವೆಂದು ತಮ್ಮ ಹೇಳಿದಾಗ ನನ್ನ ಮನಸ್ಸು ಒಪ್ಪಲಿಲ್ಲ. ಆ ಹಿಡಿಗಳ ಮೇಲೆ ತಂದೆಯವರ ಅಂಗೈಯ ಗುರುತಿದೆಯೆಂದು ನನ್ನ ಭ್ರಮೆ.

ಪೇಟೆಯಲ್ಲಿ ಲೇತಿನ ಅಂಗಡಿಯೊಂದನ್ನು ನಡೆಸುವ ಹಿರಿಯರಿದ್ದಾರೆ; ಎಲ್ಲರೂ ಅವರನ್ನು ಸಾಹೇಬರೆಂದೇ ಕರೆಯುವುದು. ನಾವು ಬಿಚ್ಚಿ ಒಯ್ದುದರಲ್ಲಿ ಅವರು ಬೆಲ್ಟಿನತ್ತ ಕಣ್ಣೆತ್ತಿಯೂ ನೋಡಲಿಲ್ಲ. ಎಂಜಿನ್ನಿನ ಚಿಕ್ಕ ರಾಟೆಯನ್ನು ಕೈಗೆತ್ತಿಕೊಂಡು ಅದರ ತೋಡಿನೊಳಗೆ ಬೆರಳಾಡಿಸಿದರು.

"ಮೇಷ್ಟ್ರೇ, ಬೆಲ್ಟಿನದು ತಪ್ಪಿಲ್ಲ. ತೋಡಿನ ತಳ ನೋಡಿ, ಕನ್ನಡಿ ಹಾಗೆ ಹೊಳೀತಿದೆ. ಹೊಳೀಬಾರದ ಜಾಗ ಅದು."

ಅವರು ತಿಳಿಸಿಕೊಟ್ಟುದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಈ ಬೆಲ್ಟಿನ ಮೇಲ್ಮೈ 17 ಮಿಲಿಮೀಟರು ಅಗಲ, ದಪ್ಪ 11 ಮಿಲಿಮೀಟರು. ಇಕ್ಕೆಲಗಳೂ ಕೆಳಗೆ ಕಿರಿದಾಗುತ್ತ 40 ಅಂಶಗಳ ಕೋನ ಮಾಡುತ್ತವೆ. ರಾಟೆಯ ತೋಡಿನ ಕೋನವಾದರೋ ಅದಕ್ಕಿಂತ ಸ್ವಲ್ಪ ಕಡಿಮೆ. ರಾಟೆ ಚಿಕ್ಕದಾದರೆ 34, ದೊಡ್ಡದಾದರೆ 38. ಬಾಗಿದ ಬೆಲ್ಟು ಒಳಮಗ್ಗುಲಲ್ಲಿ ಉಬ್ಬಿಕೊಳ್ಳುವುದರಿಂದ ಈ ಲೆಕ್ಕಾಚಾರ. ಮರ ಸೀಳುವಾಗ ಬೆಣೆ ಸಿಕ್ಕಿಕೊಳ್ಳುವಂತೆ ಬೆಲ್ಟು ತೋಡಿನ ಎರಡು ಗೋಡೆಗಳ ನಡುವೆ ಕಚ್ಚಿಕೊಳ್ಳಬೇಕು. ತಳವನ್ನು ಎಂದೂ ಮುಟ್ಟಬಾರದು. ಗೋಡೆಗಳು ಸವೆದು ಒಳಕ್ಕೆ ಬಗ್ಗಿದವೋ, ಬೆಲ್ಟು ಕೆಳಗಿಳಿದು ತಳದ ಮೇಲೆ ಕೂರುತ್ತದೆ. ಆಮೇಲೆ ಹಿಡಿತವಿಲ್ಲ, ಬರಿಯ ಉಜ್ಜಾಟ. ತಳದ ಹೊಳಪು ಆ ಉಜ್ಜಾಟದ ಗುರುತು. ಒಂದು ಮಿಲಿಮೀಟರಿಗೆ ಸಮೀಪದ ಸವೆತವೇ ಇಷ್ಟನ್ನು ಮಾಡಬಲ್ಲುದು.

ರಬ್ಬರು ಕಬ್ಬಿಣವನ್ನು ಸವೆಸುವುದೆಂತು? ನಮ್ಮ ಹಳೆಯ ಬಾವಿಯ ಕಟ್ಟೆಗಲ್ಲಿನಲ್ಲಿ ಹಗ್ಗ ಕೊರೆದ ಗೀರುಗಳನ್ನು ಕಂಡವರಿಗೆ ಇದು ಸೋಜಿಗವಾಗದು. ಕೆಸರಿನ ಮರಳ ಕಣಗಳು ಬೆಲ್ಟಿಗೆ ಮೆತ್ತಿಕೊಂಡು ಅರದಂತೆ ತಿಕ್ಕುತ್ತವೆ. ಬೆಲ್ಟು ಹರಿದರೆ ಕಣ್ಣಿಗೆ ಕಾಣುತ್ತದೆ. ರಾಟೆ ಸದ್ದಿಲ್ಲದೆ ಸವೆಯುತ್ತದೆ.

"ಹಾಗಾದರೆ ವೆಲ್ಡಿಂಗ್ ಮಾಡಿ ತುಂಬಿಸಿ ಕೊಡಿ, ಇದೇ ಇರಲಿ" ಎಂದೆ. ಸಾಹೇಬರು ಒಪ್ಪಲಿಲ್ಲ. ಬೀಡುಕಬ್ಬಿಣ ಒಂದೆಡೆ ಕಾದು ಒಂದೆಡೆ ತಣ್ಣಗಿದ್ದರೆ ಬಿರಿಯುತ್ತದೆ. ಲೇತಿಗೆ ಕೊಟ್ಟು ತೋಡನ್ನೇ ಹೊಸದಾಗಿ ಕಡೆಯಬಹುದು; ಆದರೆ ಬೆಲ್ಟು ಇನ್ನಷ್ಟು ಆಳದಲ್ಲಿ ಓಡುವುದರಿಂದ ಚಿಕ್ಕ ರಾಟೆ ಮತ್ತಷ್ಟು ಚಿಕ್ಕದಾದಂತೆ; ಗಾಲಿಯ ವೇಗ ತಗ್ಗುತ್ತದೆ, ಬೆಲ್ಟು ಹೆಚ್ಚು ಬಾಗಿ ಬೇಗ ಹಾಳಾಗುತ್ತದೆ. ಹೀಗೆ ಹೇಳುತ್ತಲೇ ಅವರು ರಾಟೆಯನ್ನು ತಂತಿಗೆ ತೂಗುಹಾಕಿ ಮರದ ಕೊಡತಿಯಿಂದ ಮೆಲ್ಲನೆ ಬಡಿದರು. ಸಂತೆಯಲ್ಲಿ ಗಡಿಗೆಯನ್ನು ಬಡಿದು ನೋಡುವ ಹೆಂಗಸರ ನೆನಪಾಯಿತು. ಗಂಟೆಯ ದನಿ ಹೊರಡಲಿಲ್ಲ, ಒಡಕು ದನಿ. ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಬಳಿದರು. ತುಸು ಹೊತ್ತಿನಲ್ಲಿ ಬೋಲ್ಟಿನ ತೂತೊಂದರಿಂದ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತು.

"ಓಡುವಾಗ ಇದು ಸಿಡಿದರೆ ಹಿಂದೆ ನಡೆಯೋರು ಯಾರು, ಮೇಷ್ಟ್ರೇ?"

ಹಿಂದೆ ನಡೆಯುವವನು ನನ್ನ ತಮ್ಮ. ನಾನು ಮಾತಾಡಲಿಲ್ಲ.

ಹಳೆಯದರ ಅಂಚು ಸವೆದಿರಲಿಲ್ಲವಾದ್ದರಿಂದ ಅದರ ಅಳತೆಯಲ್ಲಿ ಹೊಸ ರಾಟೆಯನ್ನು ಕಡೆದರು. ಕ್ಲಚ್ಚಿನ ದೊಡ್ಡ ರಾಟೆ ಗಟ್ಟಿಯಾಗಿತ್ತು. ಅದರ ತೋಡುಗಳನ್ನು ತುಸುವೇ ಸವರಿ ಸಮ ಮಾಡಿದರು. ದಾರವೊಂದನ್ನು ಬಿಗಿಯಾಗಿ ಎಳೆದು ಎರಡು ರಾಟೆಗಳೂ ಒಂದೇ ಸಾಲಿನಲ್ಲಿವೆಯೇ ಎಂದು ನೋಡಿ, ಬೆಲ್ಟುಗಳನ್ನೆಲ್ಲ ಒಟ್ಟಿಗೇ ಹೊಸವಾಗಿ ಹಾಕಿದೆವು. ಹಳೆಯವುಗಳ ನಡುವೆ ಹೊಸದೊಂದನ್ನು ಸೇರಿಸಿದರೆ ಭಾರವೆಲ್ಲ ಅದರ ಮೇಲೆ ಬೀಳುತ್ತದೆಯಂತೆ. ನಾಟಿ ಹತ್ತು ದಿನ ತಡವಾಯಿತು. ಆದರೂ ಗದ್ದೆ ಬೀಳು ಬೀಳಲಿಲ್ಲ.

ಅಂದಿನಿಂದ ಒಂದು ಮಾತು ನನ್ನನ್ನು ಕಾಡುತ್ತಿದೆ. ಅಧ್ಯಾಪಕರ ಕೊಠಡಿಯಲ್ಲಿ ಪ್ರತಿ ವರ್ಷವೂ ನಾವು ಆಡಿಕೊಳ್ಳುತ್ತಿದ್ದ ಮಾತದು: "ಈಗಿನ ಹುಡುಗರೇ ಸರಿಯಿಲ್ಲ, ಎಷ್ಟು ಹೇಳಿದರೂ ತಲೆಯಲ್ಲಿ ನಿಲ್ಲುವುದಿಲ್ಲ." ಜೂನ್ ತಿಂಗಳಿಗೆ ಹೊಸ ಹುಡುಗರು ಬರುತ್ತಿದ್ದರು, ಕೆಲವು ವಾರಗಳಲ್ಲಿ ಅವರೂ ಜಾರುತ್ತಿದ್ದರು. ನನ್ನ ಟಿಪ್ಪಣಿಗಳು ಮಾತ್ರ ಅವೇ. ಇಪ್ಪತ್ತು ವರ್ಷ ಹೇಳಿ ಹೇಳಿ ಎಲ್ಲಿಯೂ ತಡವರಿಸದಷ್ಟು ನಯವಾಗಿದ್ದವು. ಆ ನಯವನ್ನು ನಾನು ಪಾಂಡಿತ್ಯವೆಂದು ತಿಳಿದಿದ್ದೆ. ಸಾಹೇಬರು ಬೆರಳಿಟ್ಟು ತೋರಿಸಿದ ಹೊಳಪನ್ನು ಕಂಡ ಮೇಲೆ ಹಾಗೆನ್ನುವ ಧೈರ್ಯ ನನಗೆ ಉಳಿದಿಲ್ಲ.

ಆ ಹುಡುಗರಲ್ಲಿ ಕೆಲವರು ಈ ಮಾತನ್ನು ಕೇಳುತ್ತಿರಬಹುದು. ತಪ್ಪು ಅವರದಾಗಿರಲಿಲ್ಲವೆಂದು, ತಡವಾಗಿಯಾದರೂ, ಅವರಿಗೆ ಹೇಳಬೇಕೆನಿಸಿತು.