ಓಟ ಮುಗಿದ ಮೇಲಿನ ಇಪ್ಪತ್ತು ವರ್ಷ

(ವಾಚನಾಲಯದ ವಾರದ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

ಸಂಗಾತಿಗಳೇ, ಅಂಗಡಿ ಬಾಗಿಲು ಹಾಕಿ ನೇರವಾಗಿ ಇಲ್ಲಿಗೆ ಬಂದಿರುವ ವರ್ತಕ ಮಿತ್ರರೇ,

ಈ ವಾರದ ವಿಷಯ ರೇಸಿನ ಕುದುರೆ ಎಂದು ಹಲಗೆಯ ಮೇಲೆ ಬರೆದಾಗ ಕೆಲವರು ನಕ್ಕರೆಂದು ಕೇಳಿದೆವು. ಬೋನಸ್ಸಿನ ಮಾತು ಬಿಟ್ಟು ಇವರು ಜೂಜಿನ ಮಾತಿಗೆ ಹೊರಟರೇ ಎಂದು ಒಬ್ಬರು ಕೇಳಿದರಂತೆ. ಯಾವ ಕುದುರೆಯ ಮೇಲೆ ಹಣ ಕಟ್ಟಬೇಕೆಂದು ಹೇಳಲು ನಾವು ಬಂದಿಲ್ಲ. ಆ ಚಟಕ್ಕೆ ಬಿದ್ದು ಸಂಬಳದ ದಿನವೇ ಬರಿಗೈಯಲ್ಲಿ ಮನೆಗೆ ಹೋದವರನ್ನು ನೀವೂ ಕಂಡಿದ್ದೀರಿ, ನಾವೂ ಕಂಡಿದ್ದೇವೆ. ನಮ್ಮ ಮಾತು ಹಣ ಕಟ್ಟಿದವನದಲ್ಲ, ಕಟ್ಟಿಸಿಕೊಂಡವನದೂ ಅಲ್ಲ, ಓಡಿದ್ದರದು. ಓಟ ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ?

ಮೊದಲು ಒಂದು ಸಣ್ಣ ಲೆಕ್ಕ ಹಾಕೋಣ. ರೇಸಿಗೆಂದೇ ಬೆಳೆಸುವ ಥರೋಬ್ರೆಡ್ ತಳಿಯ ಕುದುರೆ ಎರಡು ವರ್ಷಕ್ಕೆಲ್ಲ ಮೈದಾನಕ್ಕೆ ಇಳಿಯುತ್ತದೆ. ಬಹುಪಾಲು ಕುದುರೆಗಳ ಓಟ ಆರೇಳು ವರ್ಷದೊಳಗೆ ಮುಗಿದುಹೋಗುತ್ತದೆ. ಆದರೆ ಚೆನ್ನಾಗಿ ನೋಡಿಕೊಂಡರೆ ಕುದುರೆ ಇಪ್ಪತ್ತೈದು ವರ್ಷ, ಕೆಲವೊಮ್ಮೆ ಮೂವತ್ತು ವರ್ಷ ಬದುಕುವ ಪ್ರಾಣಿ. ಅಂದರೆ ದುಡಿಮೆ ನಾಲ್ಕೈದು ವರ್ಷ, ಉಳಿದ ಬದುಕು ಇಪ್ಪತ್ತು ವರ್ಷ. ಆ ಇಪ್ಪತ್ತು ವರ್ಷದ ಹುಲ್ಲು, ಹುರುಳಿ, ಲಾಳ, ಔಷಧಿ ಯಾರ ಖಾತೆಗೆ? ವ್ಯಾಪಾರ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಾಭ ಬರೆಯುವ ಪುಟವಿದೆ, ಖರ್ಚು ಬರೆಯುವ ಪುಟವನ್ನೇ ಹರಿದು ಹಾಕಿದ್ದಾರೆ.

ಒಂದು ನಿಜ ಸಂಗತಿ ಹೇಳುತ್ತೇವೆ. ಅಮೆರಿಕದ ಅತ್ಯಂತ ಹೆಸರಾದ ರೇಸು ಕೆಂಟಕಿ ಡರ್ಬಿ. 1986ರಲ್ಲಿ ಅದನ್ನು ಗೆದ್ದ ಕುದುರೆಯ ಹೆಸರು ಫರ್ಡಿನಂಡ್. ಅಂದು ಅದರ ಬೆನ್ನ ಮೇಲಿದ್ದ ಬಿಲ್ ಶೂಮೇಕರ್‌ಗೆ 54 ವರ್ಷ. ಮರು ವರ್ಷ, 1987ರಲ್ಲಿ, ಬ್ರೀಡರ್ಸ್ ಕಪ್ ಕ್ಲಾಸಿಕ್ ಎಂಬ ಓಟದಲ್ಲಿ ಮೂಗಿನಷ್ಟು ಅಂತರದಿಂದ ಗೆದ್ದು ಅದು ಆ ದೇಶದ ವರ್ಷದ ಕುದುರೆ ಎನಿಸಿಕೊಂಡಿತು. ತನ್ನ ಓಟಗಳಿಂದ 37 ಲಕ್ಷ ಡಾಲರಿಗೂ ಹೆಚ್ಚು ಬಹುಮಾನ ತಂದುಕೊಟ್ಟಿತು. ಆ ಮೇಲೆ ತಳಿ ಬೆಳೆಸಲು ಬಿಟ್ಟರು. ಅದರ ಮರಿಗಳು ತಂದೆಯಂತೆ ಓಡಲಿಲ್ಲ. 1994ರಲ್ಲಿ ಜಪಾನಿಗೆ ಮಾರಿದರು. ಅಲ್ಲಿಯೂ ಕೆಲವು ವರ್ಷ ಕಳೆದ ಮೇಲೆ ಬೇಡಿಕೆ ಬತ್ತಿತು. 2002ರಲ್ಲಿ ಅದು ಕಸಾಯಿಖಾನೆಗೆ ಹೋಯಿತು. ಅಮೆರಿಕದ ಜನಕ್ಕೆ ಈ ಸುದ್ದಿ ತಿಳಿದದ್ದು 2003ರಲ್ಲಿ, ಪತ್ರಿಕೆಯವರು ಹುಡುಕಿ ಬರೆದಾಗ.

ದೇಶವೇ ಚಪ್ಪಾಳೆ ತಟ್ಟಿದ ಕುದುರೆಯ ಗತಿ ಇದಾದರೆ, ಹತ್ತು ಓಟ ಓಡಿ ಒಂದೂ ಗೆಲ್ಲದ ಅನಾಮಿಕ ಕುದುರೆಯ ಗತಿ ಏನೆಂದು ಊಹಿಸಿಕೊಳ್ಳಿ. ಅಮೆರಿಕದಲ್ಲಿ ಕುದುರೆ ಕಡಿಯುವ ಕೊನೆಯ ಕಾರ್ಖಾನೆಗಳು 2007ರಲ್ಲಿ ಮುಚ್ಚಿದವು. ಆದರೆ ಕುದುರೆಗಳ ಲಾರಿ ನಿಲ್ಲಲಿಲ್ಲ. ಗಡಿ ದಾಟಿ ಮೆಕ್ಸಿಕೋಗೂ ಕೆನಡಾಗೂ ಓಡಿತು. ದೂರ ಹೆಚ್ಚಿತು, ಸಂಕಟವೂ ಹೆಚ್ಚಿತು. ಒಂದು ಬಾಗಿಲು ಮುಚ್ಚಿದ ಮಾತ್ರಕ್ಕೆ ಇನ್ನೊಂದು ಬಾಗಿಲು ತೆರೆದಂತಾಗಲಿಲ್ಲ.

ಹಾಗಾದರೆ ಇನ್ನೊಂದು ಬಾಗಿಲು ಯಾವುದು? ಈ ಕುದುರೆಗಳಿಗೆ ಎರಡನೆಯ ಕಸುಬು ಕಲಿಸುವುದು, ಎರಡನೆಯ ಮನೆ ಹುಡುಕುವುದು. ಕೇಳಲು ಸುಲಭ, ಮಾಡಲು ಕಷ್ಟ. ಮೂವತ್ತು ವರ್ಷ ಮಗ್ಗದ ಮುಂದೆ ನಿಂತವನನ್ನು ಒಂದು ದಿನ ಬೆಳಗ್ಗೆ ಲೆಕ್ಕದ ಮೇಜಿಗೆ ಕೂರಿಸಿದರೆ ಹೇಗಾದೀತು ಎಂಬುದು ನಿಮಗೆ ಗೊತ್ತು. ಕುದುರೆಯದೂ ಅದೇ ಪಾಡು.

ರೇಸಿನ ಕುದುರೆ ದಿನದ ಬಹುಭಾಗ ಲಾಯದೊಳಗೆ ನಿಂತಿರುತ್ತದೆ. ಬಲ ಬರಲೆಂದು ಕಾಳು ಹೆಚ್ಚು, ಹುಲ್ಲು ಕಡಿಮೆ. ಇದರಿಂದ ಬಹಳ ಕುದುರೆಗಳಿಗೆ ಹೊಟ್ಟೆಯಲ್ಲಿ ಹುಣ್ಣು. ಕೆಲವಕ್ಕೆ ಕಾಲಿನ ನರ ಊದಿರುತ್ತದೆ, ಮಂಡಿಯಲ್ಲಿ ಎಲುಬಿನ ಚೂರು ಸಿಡಿದಿರುತ್ತದೆ. ಆದುದರಿಂದ ಮೊದಲ ಪಾಠ ಪಾಠವೇ ಅಲ್ಲ, ವಿಶ್ರಾಂತಿ. ಕಾಳು ಇಳಿಸಿ ಹುಲ್ಲು ಏರಿಸಬೇಕು. ವೈದ್ಯನು ಕಾಲು ಮುಟ್ಟಿ ನೋಡಬೇಕು. ಬಯಲಿಗೆ ಬಿಡುವುದೂ ಒಮ್ಮೆಲೇ ಅಲ್ಲ, ದಿನಕ್ಕಿಷ್ಟು ಹೊತ್ತೆಂದು. ಇಲ್ಲದಿದ್ದರೆ ತೆರೆದ ಬಯಲು ಕಂಡ ಕೂಡಲೇ ಓಡಿ ಕಾಲು ಮುರಿದುಕೊಳ್ಳುತ್ತದೆ. ಓಟ ಬಿಟ್ಟರೆ ಬೇರೇನೂ ಕಲಿಸದ ಪ್ರಾಣಿಗೆ ಬಿಡುವು ಎಂದರೂ ಓಟವೇ.

ಆಮೇಲೆ ಕಲಿತದ್ದನ್ನು ಮರೆಸಬೇಕು. ಸಾಮಾನ್ಯ ಕುದುರೆಗೆ ಲಗಾಮು ಬಿಗಿಹಿಡಿದರೆ ನಿಲ್ಲು ಎಂದರ್ಥ. ರೇಸಿನ ಕುದುರೆಗೋ ಬಿಗಿಯುವುದೆಂದರೆ ಲಗಾಮಿನ ಮೇಲೆ ಒರಗಿ ಇನ್ನೂ ಜೋರಾಗಿ ಹೋಗು ಎಂದರ್ಥ. ಹೊಸ ಸವಾರ ಹೆದರಿ ಬಿಗಿದಷ್ಟೂ ಅದು ಓಡುತ್ತದೆ. ಜನ ಅದನ್ನು ಪೊಗರಿನ ಕುದುರೆ ಎನ್ನುತ್ತಾರೆ. ಪೊಗರಲ್ಲ ಸ್ವಾಮಿ, ವಿಧೇಯತೆ! ಹೇಳಿಕೊಟ್ಟದ್ದನ್ನೇ ಅದು ಮಾಡುತ್ತಿದೆ. ಇನ್ನೂ ಒಂದು. ಸವಾರ ಹತ್ತುವಾಗ ನಿಂತಿರಬೇಕೆಂದು ಅದಕ್ಕೆ ತಿಳಿಯದು. ನಡೆಯುತ್ತಿರುವಾಗಲೇ ಜಾಕಿಯನ್ನು ಎತ್ತಿ ಬೆನ್ನಿಗೆ ಹಾಕುವುದು ಅಲ್ಲಿಯ ಪದ್ಧತಿ. ಅಮೆರಿಕದ ಮೈದಾನಗಳಲ್ಲಿ ಓಟವೆಲ್ಲ ಎಡಕ್ಕೇ ತಿರುಗುವುದರಿಂದ ಬಲಕ್ಕೆ ತಿರುಗುವುದು ಅದಕ್ಕೆ ಬಿಗಿ. ಸದಾ ಗುಂಪಿನಲ್ಲಿ ಇದ್ದುದರಿಂದ ಒಂಟಿಯಾಗಿ ಹಾದಿ ನಡೆಯುವುದೆಂದರೆ ಭಯ. ನಿಲ್ಲುವುದು, ನಿಧಾನವಾಗಿ ನಡೆಯುವುದು, ಎರಡೂ ಕಡೆ ಸಮನಾಗಿ ಬಾಗುವುದು, ಇವನ್ನೆಲ್ಲ ತಿಂಗಳುಗಟ್ಟಲೆ ತಾಳ್ಮೆಯಿಂದ ಕಲಿಸಬೇಕು.

ಕಲಿಯುತ್ತವೆಯೇ? ಕಲಿಯುತ್ತವೆ. ಕೆಂಟಕಿಯ ಲೆಕ್ಸಿಂಗ್ಟನ್ನಿನಲ್ಲಿ 2015ರಿಂದ, ಹೊಸದಾಗಿ ಓಟ ಬಿಟ್ಟ ಕುದುರೆಗಳಿಗೆಂದೇ ಒಂದು ಸ್ಪರ್ಧೆ ಏರ್ಪಾಡಾಯಿತು. ಬೇಲಿ ಹಾರುವುದು, ಪೋಲೋ ಆಡುವುದು, ಕಾಡುದಾರಿಯಲ್ಲಿ ಸವಾರಿ, ದನ ಮೇಯಿಸುವವರ ಜೊತೆ ದನ ಅಟ್ಟುವ ಕೆಲಸ, ಹೀಗೆ ಹತ್ತು ವಿಭಾಗ. ಒಂದು ವರ್ಷದ ಕೆಳಗೆ ಓಟವೊಂದನ್ನೇ ಬಲ್ಲ ಕುದುರೆ ಅಲ್ಲಿ ದನದ ಹಿಂದೆ ತಾಳ್ಮೆಯಿಂದ ಹೆಜ್ಜೆ ಹಾಕುತ್ತದೆ. ಕೆಲಸಕ್ಕೆ ಬಾರದವನೆಂದು ಹಣೆಪಟ್ಟಿ ಹಚ್ಚುವುದು ಸುಲಭ. ಕಲಿಸುವ ಹೊಣೆ ಹೊರುವುದು ಕಷ್ಟ. ಕಷ್ಟದ್ದನ್ನು ತಪ್ಪಿಸಿಕೊಳ್ಳಲೆಂದೇ ಸುಲಭದ್ದನ್ನು ಹೇಳುತ್ತಾರೆ.

ನಮ್ಮ ಮನಸ್ಸಿಗೆ ತಟ್ಟಿದ ಇನ್ನೊಂದು ಪ್ರಯೋಗವಿದೆ. ನ್ಯೂಯಾರ್ಕ್ ರಾಜ್ಯದ ವಾಲ್‌ಕಿಲ್ ಎಂಬಲ್ಲಿ ಒಂದು ಸೆರೆಮನೆ. 1984ರಲ್ಲಿ ಅಲ್ಲಿಯ ಜಮೀನಿಗೆ ಓಟ ಬಿಟ್ಟ ಕುದುರೆಗಳನ್ನು ತಂದರು. ಜಾಗ ಸರ್ಕಾರದ್ದು, ಕುದುರೆಗಳು ಒಂದು ಧರ್ಮಸಂಸ್ಥೆಯವು, ನೋಡಿಕೊಳ್ಳುವವರು ಕೈದಿಗಳು. ಗೊರಸು ಕೆರೆಯುವುದು, ಗಾಯ ಕಟ್ಟುವುದು, ಹಲ್ಲು ನೋಡಿ ವಯಸ್ಸು ಹೇಳುವುದು, ಮೇವು ಅಳೆಯುವುದು, ಎಲ್ಲವನ್ನೂ ಅವರಿಗೆ ಕಸುಬಾಗಿ ಕಲಿಸಿದರು. ಮುಂದೆ ಬೇರೆ ರಾಜ್ಯಗಳ ಸೆರೆಮನೆಗಳಿಗೂ ಈ ಏರ್ಪಾಡು ಹಬ್ಬಿತು. ಸಮಾಜ ಬೇಡವೆಂದ ಮನುಷ್ಯ, ರೇಸಿನವರು ಬೇಡವೆಂದ ಕುದುರೆ: ಒಬ್ಬರನ್ನೊಬ್ಬರು ನೆಟ್ಟಗೆ ಮಾಡಿದರು. ಕುದುರೆಗೆ ಮನುಷ್ಯನ ಹಿಂದಿನ ಕಡತ ಓದಲು ಬರುವುದಿಲ್ಲ. ಇವತ್ತು ಕೈ ಮೆತ್ತಗಿದೆಯೋ ಇಲ್ಲವೋ, ಅದಷ್ಟೇ ಅದಕ್ಕೆ ಗೊತ್ತು.

ಆದರೆ ಸಂಗಾತಿಗಳೇ, ಒಳ್ಳೆಯ ಕಥೆಯನ್ನಷ್ಟೇ ಹೇಳಿ ಚಪ್ಪಾಳೆ ಗಿಟ್ಟಿಸಿ ಹೋಗುವುದು ನಮ್ಮ ಅಭ್ಯಾಸವಲ್ಲ. ಇದೇ ಧರ್ಮಸಂಸ್ಥೆ ದೇಶದ ನಾನಾ ಕಡೆ ಸಾವಿರಕ್ಕೂ ಹೆಚ್ಚು ಕುದುರೆಗಳ ಹೊಣೆ ಹೊತ್ತುಕೊಂಡಿತು. ಹಣ ಸಾಲಲಿಲ್ಲ. ಕೆಲವು ತೋಟಗಳಲ್ಲಿ ಕುದುರೆಗಳು ಮೇವಿಲ್ಲದೆ ಸೊರಗುತ್ತಿವೆಯೆಂದು 2011ರಲ್ಲಿ ಪತ್ರಿಕೆಗಳಲ್ಲಿ ಬಂತು. ಸಂಸ್ಥೆಯವರು ಅಲ್ಲಗಳೆದರು. 2012ರಲ್ಲಿ ರಾಜ್ಯದ ಅಟಾರ್ನಿ ಜನರಲ್ ಕೋರ್ಟಿಗೆ ಹೋದರು. ಮರು ವರ್ಷ ರಾಜಿಯಾಯಿತು. ಯಾರನ್ನೋ ಹಳಿಯಲು ಇದನ್ನು ಹೇಳುತ್ತಿಲ್ಲ. ಕೋಟಿಗಟ್ಟಲೆ ವಹಿವಾಟಿನ ಒಂದು ಉದ್ಯಮ ತನ್ನ ಹಳೆಯ ದುಡಿಮೆಗಾರರನ್ನು ಕರುಣಾಳುಗಳ ಬಾಗಿಲಿಗೆ ತಂದು ಕಟ್ಟಿ ಹೋದರೆ ಆಗುವುದು ಇದೇ. ಕರುಣೆಗೆ ಒಂದು ವರ್ಷ ಹಸಿರು, ಒಂದು ವರ್ಷ ಬರ. ಹೊಟ್ಟೆಗೆ ಮಾತ್ರ ದಿನವೂ ಹಸಿವು.

ಹಾಗಾಗಿ ಹಣ ಮೂಲದಲ್ಲೇ ಹಿಡಿಯಬೇಕೆಂಬ ಮಾತು ಬಂತು. ಬ್ರಿಟನ್ನಿನಲ್ಲಿ 2000ದಲ್ಲಿ ರೇಸಿನ ಆಡಳಿತದವರೇ ಓಟ ಬಿಟ್ಟ ಕುದುರೆಗಳಿಗೆಂದು ಒಂದು ಸಂಸ್ಥೆ ಕಟ್ಟಿದರು. ಅಮೆರಿಕದಲ್ಲಿ 2012ರಲ್ಲಿ ಒಂದು ಒಕ್ಕೂಟ ಹುಟ್ಟಿತು. ಅದು ಆಶ್ರಯಧಾಮಗಳನ್ನು ತಪಾಸಣೆ ಮಾಡಿ, ಸರಿಯಿದ್ದವಕ್ಕೆ ಮಾತ್ರ ಹಣ ಕೊಡುತ್ತದೆ. ಕ್ಯಾಲಿಫೋರ್ನಿಯದಲ್ಲಿ ಮಾಲೀಕರ ಬಹುಮಾನದ ಹಣದಿಂದ ಸಾವಿರ ಡಾಲರಿಗೆ 3 ಡಾಲರಿನಂತೆ ಹಿಡಿಯುವ ಏರ್ಪಾಡು ಬಂತು. ಒಲ್ಲೆನೆಂದವನಿಗೆ ಬಿಡುಗಡೆಯೂ ಉಂಟು.

ಇಲ್ಲಿ ಗಿರಣಿಯ ಸಂಗಾತಿಗಳು ಕಿವಿ ನಿಮಿರಿಸಿದ್ದನ್ನು ನೋಡುತ್ತಿದ್ದೇವೆ. ಇದು ನಿಮಗೆ ಪರಿಚಯದ ಮಾತು. ನಮ್ಮ ದೇಶದಲ್ಲಿ 1952ರಲ್ಲಿ ಪ್ರಾವಿಡೆಂಟ್ ಫಂಡ್ ಕಾನೂನು ಬಂದಾಗ ಮೊದಲು ಅನ್ವಯವಾದ ಆರು ಉದ್ಯಮಗಳಲ್ಲಿ ಬಟ್ಟೆ ಗಿರಣಿಯೂ ಒಂದು. 1972ರಲ್ಲಿ ಗ್ರಾಚುಯಿಟಿ ಕಾನೂನು ಬಂತು. ಅದಕ್ಕೆ ಮುಂಚೆ ಮುದಿ ಕೆಲಸಗಾರನಿಗೆ ಬಹಳ ಕಡೆ ದೊರೆಯುತ್ತಿದ್ದುದು ಮಾಲೀಕನ ದಯೆ, ಒಂದು ಹಾರ, ಒಂದು ಶಾಲು. ಹಾರ ಸಾಯಂಕಾಲಕ್ಕೆ ಬಾಡುತ್ತದೆ. ಸಂಬಳದೊಂದಿಗೇ ತಿಂಗಳು ತಿಂಗಳು ನೂರಕ್ಕೆ ಹನ್ನೆರಡು ಕೂಡಿಡಬೇಕು, ಅಷ್ಟೇ ಪಾಲು ಮಾಲೀಕನೂ ಹಾಕಬೇಕು ಎಂಬುದು ದಯೆಯಲ್ಲ, ಹಕ್ಕು. ಕುದುರೆಗೆ ಸಂಘವಿಲ್ಲ, ಮುಷ್ಕರವಿಲ್ಲ. ಅದಕ್ಕೇ ಅದರ ಪಾಲು ಸಾವಿರಕ್ಕೆ ಮೂರಕ್ಕೆ ಬಂದು ನಿಂತಿದೆ, ಅದೂ ಇಷ್ಟವಿದ್ದರೆ!

ನಮ್ಮ ದೇಶದ ಮಾತಿಗೆ ಬರೋಣ. ಬೆಂಗಳೂರು, ಮೈಸೂರುಗಳಲ್ಲಿ ರೇಸು ಇದೆ. ಕುಣಿಗಲ್ಲಿನಲ್ಲಿ ಕುದುರೆ ಸಾಕಿದ ಚರಿತ್ರೆ ಟಿಪ್ಪುವಿನ ಕಾಲದ್ದು. ಓಟ ಬಿಟ್ಟವುಗಳಲ್ಲಿ ಕೆಲವು ಸವಾರಿ ಶಾಲೆಗೆ, ಕೆಲವು ಮೆರವಣಿಗೆಗೆ ಹೋಗುತ್ತವೆ. ಆದರೆ ಇನ್ನೊಂದು ಕಸುಬನ್ನು ನಮ್ಮಲ್ಲಿ ಬಹಳ ಜನ ಅರಿಯರು. ಪುಣೆಯ ಪೂನಾವಾಲಾ ಮನೆತನದ ಲಾಯದಲ್ಲಿ ಓಟ ಬಿಟ್ಟ ಕುದುರೆಗಳನ್ನು ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ಕೊಡುತ್ತಿದ್ದರು, ಸೀರಂ ತಯಾರಿಸಲೆಂದು. ಈ ಕೆಲಸ ನಾವೇ ಏಕೆ ಮಾಡಬಾರದೆಂಬ ಯೋಚನೆಯಿಂದ 1966ರಲ್ಲಿ ಹುಟ್ಟಿದ್ದೇ ಈಗ ಜಗತ್ತಿಗೆಲ್ಲ ಲಸಿಕೆ ಕಳಿಸುವ ಸೀರಂ ಇನ್‌ಸ್ಟಿಟ್ಯೂಟ್.

ಸೀರಂ ಎಂದರೆ ಏನು? ಹಾವಿನ ವಿಷವನ್ನು ಅತಿ ಸಣ್ಣ ಪ್ರಮಾಣದಲ್ಲಿ ಕುದುರೆಗೆ ಚುಚ್ಚುತ್ತಾರೆ. ಸ್ವಲ್ಪ ಸ್ವಲ್ಪವಾಗಿ ಏರಿಸುತ್ತಾರೆ. ಅದರ ರಕ್ತದಲ್ಲಿ ವಿಷವನ್ನು ಮುರಿಯುವ ಶಕ್ತಿ ಹುಟ್ಟುತ್ತದೆ. ಆ ರಕ್ತದ ನೀರಿನಿಂದ ಔಷಧಿ ತೆಗೆಯುತ್ತಾರೆ. ನಮ್ಮ ದೇಶದಲ್ಲಿ 2000ದಿಂದ 2019ರವರೆಗೆ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಚ್ಚಿ ಸತ್ತರೆಂದು ಅಂದಾಜು, ಹೆಚ್ಚಿನವರು ಹಳ್ಳಿಯವರು. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೂ ಆಸ್ಪತ್ರೆಯಲ್ಲಿ ಕೊಡುವ ಮದ್ದು ಕುದುರೆಯ ಮೈಯಿಂದ ಬಂದದ್ದು. ಗದ್ದೆಯಲ್ಲಿ ಕಚ್ಚಿಸಿಕೊಂಡ ನಿಮ್ಮ ಅಣ್ಣನೋ ತಮ್ಮನೋ ಎದ್ದು ಕೂತಿದ್ದರೆ, ಯಾವುದೋ ಲಾಯದಲ್ಲಿ ಕತ್ತು ಚಾಚಿ ನಿಂತ ಕುದುರೆಯ ಋಣ ಆ ಮನೆಯ ಮೇಲಿದೆ. ಆ ಕುದುರೆಗೂ ಒಂದು ದಿನ ರಕ್ತ ಕೊಡಲಾರದ ಕಾಲ ಬರುತ್ತದೆ. ಪ್ರಶ್ನೆ ಮತ್ತೆ ಮೊದಲಿನದೇ.

ಮನುಷ್ಯನಿಗೇ ಪಿಂಚಣಿ ಇಲ್ಲದಿರುವಾಗ ಕುದುರೆಯ ಚಿಂತೆ ಏಕೆ ಎಂದು ಕೇಳುವವರಿದ್ದೀರಿ. ನ್ಯಾಯವಾದ ಪ್ರಶ್ನೆ. ಆ ಕುದುರೆಯನ್ನು ನಸುಕಿನಲ್ಲಿ ಎದ್ದು ತಿಕ್ಕಿ ತೊಳೆಯುವ ಲಾಯದ ಆಳಿನ ಮುಪ್ಪನ್ನು ಯಾರು ವಿಚಾರಿಸಬೇಕೋ ಅವರನ್ನೇ ಕುದುರೆಯ ವಿಷಯದಲ್ಲೂ ಕೇಳಬೇಕು. ಖಾತೆ ಒಂದೇ, ಬಾಕಿದಾರನೂ ಒಬ್ಬನೇ. ಮುದಿ ಕುದುರೆಯನ್ನು ತೂಕಕ್ಕೆ ಹಾಕುವ ಕೈ ಮುದಿ ಆಳನ್ನು ಹೊರಗೆ ಹಾಕಲು ಹೆಚ್ಚು ಹೊತ್ತು ಯೋಚಿಸುವುದಿಲ್ಲ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬುದು ಅವರ ಗಾದೆ. ಅದು ನಮ್ಮ ಗಾದೆಯಾಗಬಾರದು.

ಎರಡನೆಯ ಕಸುಬು ಕಲಿತ ಕುದುರೆ ಅದೃಷ್ಟದ್ದು. ಆದರೆ ಕಾಲು ಮುರಿದು ಯಾವ ಕಸುಬನ್ನೂ ಕಲಿಯಲಾರದ ಕುದುರೆಯೂ ಇದೆ. ಅದಕ್ಕೂ ಹುಲ್ಲು ಬೇಕು. ದುಡಿಯಬಲ್ಲವನಿಗೆ ಮಾತ್ರ ಅನ್ನವೆನ್ನುವ ಏರ್ಪಾಡು ಪೂರ್ತಿ ನ್ಯಾಯವಲ್ಲ. ದುಡಿದು ದಣಿದವನಿಗೂ ಅನ್ನವಿರಬೇಕು. ಬಹುಮಾನದ ಹಣ ಹಂಚುವ ಮೊದಲೇ, ಪಣದ ಹಣ ಎಣಿಸುವ ಮೇಜಿನಲ್ಲೇ, ಕುದುರೆಯ ಪಾಲನ್ನೂ ಲಾಯದ ಆಳಿನ ಪಾಲನ್ನೂ ಎತ್ತಿಡಬೇಕು. ಇಷ್ಟವಿದ್ದರೆ ಎಂದಲ್ಲ, ಕಡ್ಡಾಯವಾಗಿ. ನಾವು ಕೇಳುವುದು ಇಷ್ಟೇ.

ಇನ್ನು ನಿಮ್ಮ ಪ್ರಶ್ನೆಗಳು. ರಾತ್ರಿ ಪಾಳಿಗೆ ಹೋಗತಕ್ಕವರು ಮೊದಲು ಕೇಳಲಿ.